ದೋಣಿ ಹಳಿಯುವ ಕ್ರಮ

ಒಮಿಮಾಳ ಅಪ್ಪನಿಗೆ ಆ ಬೆಳಿಗ್ಗೆ ಎಚ್ಚರವಾದದ್ದು ಹೊಟ್ಟೆಯೊಳಗಿನ ಒಂದು ಸಣ್ಣ ಸಂಕಟದಿಂದ. ಹಿಂದಿನ ದಿನ ತಿಂದ ಮೇಕೆ ಮಾಂಸದ ಮೇಲೆ ತಪ್ಪು ಹೊರಿಸೋಣವೆಂದು ಮಗ್ಗುಲು ಬದಲಾಯಿಸಿ ನೋಡಿದ, ಮೇಕೆ ಒಪ್ಪಲಿಲ್ಲ. ಸಂಕಟಕ್ಕೆ ಸ್ಪಷ್ಟವಾದ ಆಕಾರವಿತ್ತು. ಅದರ ಎರಡು ತುದಿಗಳೂ ಆಕಾಶಕ್ಕೆ ಮೂತಿ ಎತ್ತಿದ್ದವು, ಮೈಗೆ ಕೆಂಪು ಬಿಳಿ ಕಪ್ಪು ಬಣ್ಣವಿತ್ತು, ಪಕ್ಕೆಯ ಮೇಲೆ ದುರುಗುಟ್ಟುವ ಎರಡು ಕಣ್ಣುಗಳನ್ನು ಕೆತ್ತಲಾಗಿತ್ತು. ದಡದ ಮೇಲೆ ಸಾಲಾಗಿ ಎಳೆದಿಟ್ಟ ದೋಣಿಗಳಲ್ಲಿ ಮೂರನೆಯದು. ಅದನ್ನು ಮಾಡಿದವನು ಅವನ ಮಾವ. ಅದು ತನ್ನದೆಂದು ಬಂದ ಬಂದ ಪ್ರವಾಸಿಗರಿಗೆಲ್ಲ ಮೂರು ವರ್ಷದಿಂದ ಹೇಳಿಕೊಂಡು ಬಂದವನು ಇವನು. ಇಲ್ಲಿಯವರೆಗೆ ಆ ಮಾತು ಬಂದವರ ಜೊತೆ ಹಡಗು ಹತ್ತಿ ಹೋಗಿಬಿಡುತ್ತಿತ್ತು. ಇವತ್ತು ಹಾಗಲ್ಲ. ತೈಪೆಯ ಪತ್ರಿಕೆಯೊಂದರಿಂದ ಶೆನ್ ಮೇಡಂ ಬಂದು ಅವನ ಮನೆಯಲ್ಲೇ ಇಳಿದುಕೊಂಡಿದ್ದಳು. ಹೆಚ್ಚು ಜನ ಹೋಗದ ಬಿಸಿಲುನಾಡುಗಳ ಪ್ರಾಣಿಪಕ್ಷಿ, ಕೈಕೆಲಸ, ಆಚಾರಗಳ ಬಗ್ಗೆ ಅವಳದೊಂದು ಲೇಖನಮಾಲೆ. ಅದರಲ್ಲಿ ಈ ದ್ವೀಪಕ್ಕೆ ನಾಲ್ಕು ಪುಟ. ನಾಲ್ಕರಲ್ಲಿ ಒಂದು ಇಡೀ ಪುಟಕ್ಕೆ ತನ್ನ ದೋಣಿಯ ಪಕ್ಕದಲ್ಲಿ ನಿಂತ ಒಮಿಮಾಳ ಅಪ್ಪ.

ಮೊದಲ ಸಲ ಆ ಸುಳ್ಳನ್ನು ಅವನು ಬಾಯಿಂದ ಆಡಿರಲೇ ಇಲ್ಲ. ಐದಾರು ವರ್ಷದ ಒಂದು ಹುಡುಗಿ, ಐಸ್‌ಕ್ರೀಮ್ ನೆಕ್ಕುತ್ತ, 'ಅಂಕಲ್, ಇದರಲ್ಲಿ ನಿಮ್ಮದು ಯಾವುದು?' ಎಂದು ಕೇಳಿತ್ತು. ಅದಕ್ಕೆ ಸ್ವಲ್ಪ ಮುಂಚೆ ಅವನು ಅರ್ಧ ಗಂಟೆ ಮಾತಾಡಿದ್ದ: ಇಪ್ಪತ್ತೇಳು ಹಲಗೆ, ಒಂದು ಮೊಳೆ ಇಲ್ಲ, ಎಲ್ಲಾ ಮರದ ಗೂಟ, ತಳಕ್ಕೆ ಒಂದು ಜಾತಿಯ ಮರ, ಪಕ್ಕೆಗೆ ಇನ್ನೊಂದು ಜಾತಿ, ದೋಣಿ ಮಾಡದ ಗಂಡಸನ್ನು ನಮ್ಮಲ್ಲಿ ಗಂಡಸೆಂದು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಇಷ್ಟು ಹೇಳಿದವನು 'ನನ್ನದು ಯಾವುದೂ ಇಲ್ಲ ಪುಟ್ಟಾ' ಎನ್ನುವುದು ಹೇಗೆ? ಅವನ ಕೈ ತಾನಾಗಿ ಎದ್ದಿತು, ತಾನಾಗಿ ಬೆರಳು ಚಾಚಿತು. ಅವನು ಸುಮ್ಮನೆ ನೋಡುತ್ತ ನಿಂತ. ಕೈ ತೋರಿಸಿದ್ದನ್ನು ಆಮೇಲೆ ಬಾಯಿ ಒಪ್ಪಿಕೊಂಡಿತು, ಅಷ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇಲ್ಲಿ ಮಾತು ಹೋಗಲೂ ಇಲ್ಲ, ಪ್ರತಿ ವಾರದ ಹೊಸ ಗುಂಪಿಗೆ ಮತ್ತೆ ಹೊಸದಾಗಿ ಆಡಬೇಕಾಗಿ ಬರುತ್ತಿತ್ತು. ಮಾವ ಮಧ್ಯಾಹ್ನದ ಹೊತ್ತು ಮನೆಯ ಜಗಲಿಯಲ್ಲಿ ಅಡಿಕೆ ಬಾಯಿಗೆ ಹಾಕಿಕೊಂಡು ತೂಕಡಿಸುತ್ತಾನೆ, ಆ ಹೊತ್ತಿಗೇ ಇವನು ಪ್ರವಾಸಿಗರನ್ನು ದಡಕ್ಕೆ ಕರೆದೊಯ್ಯುತ್ತಾನೆ. ಮೂರು ವರ್ಷದಿಂದ ಇಬ್ಬರೂ ಈ ವೇಳಾಪಟ್ಟಿಗೆ ತಪ್ಪಿರಲಿಲ್ಲ.

ಒಲೆಯ ಮುಂದೆ ಹೆಂಡತಿ ಬೇಯಿಸಿದ ಕೆಸುವಿನ ಗಡ್ಡೆಯ ಸಿಪ್ಪೆ ಬಿಡಿಸುತ್ತಿದ್ದಳು. 'ನಮ್ಮಪ್ಪ ಆಗಲೇ ದಡಕ್ಕೆ ಹೋದ' ಎಂದಳು, ತಲೆ ಎತ್ತದೆ.

'ಇಷ್ಟು ಬೇಗ? ಯಾಕೆ?'

'ದೋಣಿ ಸಂದಿಗೆ ನಾರು ತುಂಬಬೇಕಂತೆ. ಪತ್ರಿಕೆಯವರು ಬಂದಿದ್ದಾರೆ ಅಂತ ನಾನೇ ಹೇಳಿದೆ. ಹಲ್ಲು ಬೇರೆ ಉಜ್ಜಿಕೊಂಡ ಮಾರಾಯ. ನಮ್ಮ ಮದುವೆ ದಿನ ಬಿಟ್ರೆ ಇವತ್ತೇ.'

'ಹೇಳೋದೇನಿತ್ತು ನಿಂಗೆ?'

'ಯಾಕೆ, ಹೇಳಬಾರದಿತ್ತಾ?' ಈಗ ಅವಳು ತಲೆ ಎತ್ತಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನು ತನ್ನ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡ. ಎಲ್ಲವೂ ಸರಿಯಾಗಿದ್ದವು. ಒಂದು ಗಡ್ಡೆಯನ್ನು ಬಾಯಿಗೆ ತುರುಕಿಕೊಂಡು ಹೊರಗೆ ಬಂದ.

ಅವನಿಗೂ ಮೊದಲು ಒಂದು ಹೆಸರಿತ್ತು. ದ್ವೀಪದ ಪದ್ಧತಿಯಂತೆ, ಮಗಳು ಹುಟ್ಟಿದ ದಿನ ಆ ಹೆಸರು ಬಿದ್ದುಹೋಯಿತು. ಅವನು ಒಮಿಮಾಳ ಅಪ್ಪನಾದ, ಅವಳು ಒಮಿಮಾಳ ಅಮ್ಮ, ಮಾವ ಒಮಿಮಾಳ ಅಜ್ಜ. ಹನ್ನೊಂದು ವರ್ಷದ ಒಂದು ಹುಡುಗಿ ಮನೆಯವರಿಗೆಲ್ಲ ಹೆಸರಿಟ್ಟು ಈಗ ಶಾಲೆಯಲ್ಲಿ ಗಣಿತದಲ್ಲಿ ಫೇಲಾಗುತ್ತಿದ್ದಾಳೆ. ಆ ದೋಣಿಗೂ ಅಷ್ಟೇ ವಯಸ್ಸು. ದೋಣಿ ನೀರಿಗಿಳಿದ ದಿನ ಅವನಿಗೆ ಚೆನ್ನಾಗಿ ನೆನಪಿದೆ. ಒಳಗೆಲ್ಲ ಕೆಸುವಿನ ಗಡ್ಡೆ ಪೇರಿಸಿ, ಎಂಟು ಹಂದಿ ಕೊಯ್ದು, ಆರು ಊರಿನ ಗಂಡಸರು ಕೂತು ಹಾಡಿದ್ದರು. ಬಂದವರು ದೋಣಿಯನ್ನು ಹೊಗಳಬೇಕು, ಮಾಡಿದವನು ಹಳಿಯಬೇಕು. ಅದು ಕ್ರಮ. ನನ್ನದು ಚೆನ್ನಾಗಿದೆ ಎಂದು ಬಾಯಿಬಿಟ್ಟರೆ ಪ್ರೇತಗಳು ಕೇಳಿಸಿಕೊಳ್ಳುತ್ತವೆ, ಅವಕ್ಕೆ ಹೊಟ್ಟೆಕಿಚ್ಚು ಬಹಳ. ಅದಕ್ಕಿಂತ ಹೆಚ್ಚಾಗಿ ನೆರೆಮನೆಯವರು ಕೇಳಿಸಿಕೊಳ್ಳುತ್ತಾರೆ. ಹಾಗಾಗಿ ಮಾವ ಅವತ್ತು ಬೆಳಗಿನಿಂದ ತನ್ನ ದೋಣಿಯನ್ನು ಹಂದಿಯ ತೊಟ್ಟಿ, ಕೊಳೆತ ಮರದ ತುಂಡು, ಕುಡುಕನ ಕೈಕೆಲಸ ಎಂದೆಲ್ಲ ಬಾಯಿತುಂಬ ಹಾಡಿದ್ದ, ಮುಖ ಮಾತ್ರ ಹುಣ್ಣಿಮೆಯಾಗಿತ್ತು. ಆಗಷ್ಟೇ ಕಾವೊಸ್ಯೋಂಗ್‌ನ ಕಟ್ಟಡಗಳಲ್ಲಿ ಕಾಂಕ್ರೀಟು ಹೊತ್ತು ವಾಪಸು ಬಂದಿದ್ದ ಅಳಿಯನೂ ಎದ್ದು ನಿಂತು ಹೊಗಳಿಕೆಯ ಒಂದು ಸಾಲು ಹಾಡಿದ್ದ; ಗಂಟಲು ನಡುವೆ ಒಡೆದು ಹೋಗಿ ಹೆಂಗಸರು ನಕ್ಕಿದ್ದರು. ಆ ನಗು ಈಗಲೂ ಆಗಾಗ, ಹಲ್ಲುಜ್ಜುವಾಗ ಅಥವಾ ಸ್ಕೂಟರು ಒದೆಯುವಾಗ, ಕಾರಣವಿಲ್ಲದೆ ಕಿವಿಗೆ ಬೀಳುತ್ತದೆ.

ಕಾಡಿನ ದಾರಿಯನ್ನು ಅವತ್ತು ಅವನು ಆದಷ್ಟು ಉದ್ದ ಮಾಡಿದ. ಶೆನ್ ಮೇಡಂ ಜೊತೆಗೆ ಅವನ ಮನೆಯಲ್ಲಿ ಇಳಿದುಕೊಂಡಿದ್ದವರು ತೈಚೂಂಗ್‌ನ ಗುವೊ ಮೇಷ್ಟ್ರು ಮತ್ತು ಅವರ ಹೆಂಡತಿ. ಮೇಷ್ಟ್ರು ಮೂವತ್ತೈದು ವರ್ಷ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ದ್ವೀಪದ ಬಗ್ಗೆ ಒಂದು ದಪ್ಪ ಪುಸ್ತಕ ಓದಿಕೊಂಡು ಬಂದಿದ್ದರು. ಒಮಿಮಾಳ ಅಪ್ಪ ಬಾಯಿ ತೆರೆಯುವ ಮೊದಲೇ ಹೆಂಡತಿಗೆ ವಿಷಯ ತಿಳಿಸಿಬಿಡುತ್ತಿದ್ದರು. 'ಈಗ ಇವರು ಗೂಬೆಯ ಬಗ್ಗೆ ಹೇಳ್ತಾರೆ ನೋಡು. ಇವರಲ್ಲಿ ಅದು ಪ್ರೇತದ ಹಕ್ಕಿ.' ಅವನು ಗೂಬೆಯ ಬಗ್ಗೆ ಹೇಳಿದ. ಅದು ಕೂಗಿದರೆ ಮುದುಕರು ಇವತ್ತಿಗೂ ಉಗುಳುತ್ತಾರೆ, ಅದನ್ನೇ ತಾನು ಟಾರ್ಚು ಹಿಡಿದು ಊಟದ ಮೇಲೆ ಪ್ರವಾಸಿಗರಿಗೆ ತೋರಿಸಿಕೊಂಡು ಬರುತ್ತೇನೆ ಎಂಬುದನ್ನು ಹೇಳಲಿಲ್ಲ. ಇವರು ಮಧ್ಯಾಹ್ನದ ಹಡಗಿಗೆ ಹೊರಡುವವರು, ದೋಣಿಯನ್ನು ಅದಕ್ಕೆ ಮುಂಚೆಯೇ ತೋರಿಸಬೇಕು; ಹತ್ತು ಗಂಟೆಯಾದರೆ ಮಾವ ಬಿಸಿಲಿಗೆ ಎದ್ದು ಮನೆಗೆ ಹೋಗಿರುತ್ತಾನೆ ಎಂಬುದು ಅವನ ಎಣಿಕೆ. ಅದಕ್ಕೇ ಒಂದು ಬಳ್ಳಿಯ ಕೆಳಗೆ ಮೂವರನ್ನೂ ಕೂರಿಸಿ, ಬಂಗಾರದ ರೆಕ್ಕೆಯ ಚಿಟ್ಟೆ ಬರುತ್ತದೆ, ಉಸಿರು ಬಿಗಿಹಿಡಿದು ಕಾಯಬೇಕು ಎಂದ. ಸಾಮಾನ್ಯವಾಗಿ ಅದು ಗಂಟೆಗಟ್ಟಲೆ ಸತಾಯಿಸುವ ಚಿಟ್ಟೆ. ಅವತ್ತು ನಾಲ್ಕೇ ನಿಮಿಷಕ್ಕೆ ಬಂದು, ಮೇಷ್ಟ್ರ ಹೆಂಡತಿಯ ಟೋಪಿಯ ಮೇಲೆ ಕೂತು, ರೆಕ್ಕೆಯ ಹಳದಿ ಎಲ್ಲ ನೋಡನೋಡುತ್ತ ಮುತ್ತಿನ ಬಣ್ಣವಾಗುವಂತೆ ಎರಡು ಸಲ ಹೊರಳಿ, ಫೋಟೋಕ್ಕೆ ಎಲ್ಲ ಕೋನದಿಂದಲೂ ನಿಂತು, ಹಾರಿಹೋಯಿತು. 'ಆಯ್ತಲ್ಲ, ಇನ್ನು ದೋಣಿ' ಎಂದಳು ಶೆನ್ ಮೇಡಂ, ಸಂತೋಷದಿಂದ ಕೆಂಪಾಗಿ.

ಇಳಿಯುವ ದಾರಿಯಲ್ಲಿ ಬುಡಕ್ಕೆ ಕತ್ತಿಯಿಂದ ಗುರುತು ಕೊರೆದ ಒಂದು ಮರವಿತ್ತು. ಮೇಡಂ ಅದರ ಫೋಟೋ ತೆಗೆದಳು. 'ಮುಂದೆ ದೋಣಿಗಾಗಲಿ ಅಂತ ಅಪ್ಪಂದಿರು ಮಕ್ಕಳ ಹೆಸರಲ್ಲಿ ಮರಕ್ಕೆ ಗುರುತು ಹಾಕಿಡ್ತಾರೆ. ಬೇರೆ ಯಾರೂ ಮುಟ್ಟಲ್ಲ' ಎಂದ ಅವನು, ಎಂದಿನ ಸ್ವರದಲ್ಲಿ. ಗುರುತು ಅವನ ಅಪ್ಪ ಹಾಕಿದ್ದು. ಅಪ್ಪ ಸತ್ತು ಹದಿನಾಲ್ಕು ವರ್ಷವಾಯಿತು. ವಾರಕ್ಕೆ ಎರಡು ಸಲ ಈ ಮರದ ಮುಂದೆ ನಿಂತು ಇದೇ ಮಾತನ್ನು ಹೇಳುತ್ತಾನೆ, ಹೇಳುವಾಗ ಮರದ ಕಡೆ ಬೆನ್ನು ಮಾಡಿರುತ್ತಾನೆ.

ದಡಕ್ಕೆ ಬಂದಾಗ ಮಾವ ಅಲ್ಲೇ ಇದ್ದ. ಎಪ್ಪತ್ತಾರರ ಮುದುಕ, ಕಚ್ಚೆಯೊಂದನ್ನು ಬಿಟ್ಟರೆ ಬರಿಮೈ, ತಲೆಗೆ ಯಾವುದೋ ಬ್ಯಾಂಕಿನವರು ಕೊಟ್ಟ ಟೋಪಿ. ದೋಣಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹಲಗೆಗಳ ಸಂದಿಗೆ ಬೇರಿನ ನಾರನ್ನು ಉಳಿಯಿಂದ ಒತ್ತುತ್ತಿದ್ದ. ಓಡಿಹೋಗಲು ಸಾಧ್ಯವೇ ಎಂದು ಒಮಿಮಾಳ ಅಪ್ಪ ನಿಜವಾಗಿಯೂ ಯೋಚಿಸಿದ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುವೊ ಮೇಷ್ಟ್ರು. ಅಷ್ಟರಲ್ಲಿ ಮೇಡಂ ಕೂಗಿಯೇಬಿಟ್ಟಳು: 'ಇದೇ ತಾನೆ ನಿಮ್ಮ ದೋಣಿ? ನಿನ್ನೆ ಹೇಳಿದ್ರಲ್ಲ! ಎಷ್ಟು ಚೆನ್ನಾಗಿದೆ!'

ಮಾವನ ಕೈ ನಿಂತಿತು. ಅವನು ನಿಧಾನವಾಗಿ ತಿರುಗಿದ. ಮೊದಲು ಮೇಡಂಳನ್ನು, ಆಮೇಲೆ ಕ್ಯಾಮೆರಾವನ್ನು, ಕೊನೆಗೆ ಅಳಿಯನನ್ನು ನೋಡಿದ. ಈಗ ಹೇಳುತ್ತಾನೆ, ಈಗ ಬೈಯುತ್ತಾನೆ, ಸಂಜೆಯೊಳಗೆ ಊರೆಲ್ಲ ನಗುತ್ತದೆ, ಒಮಿಮಾ ಶಾಲೆಯಿಂದ ಅಳುತ್ತ ಬರುತ್ತಾಳೆ. ಮಾವ ಎದ್ದು ನಿಂತ. ಬಾಯಲ್ಲಿದ್ದ ಅಡಿಕೆಯನ್ನು ಪಕ್ಕಕ್ಕೆ ಉಗುಳಿದ. ಮೂವತ್ತು ವರ್ಷ ಟಿವಿಯಲ್ಲಿ ಅರಮನೆಯ ಧಾರಾವಾಹಿಗಳನ್ನು ನೋಡಿಯೇ ಅವನು ಪೇಟೆಯ ಭಾಷೆ ಕಲಿತದ್ದು, ಹಾಗಾಗಿ ಆ ಭಾಷೆಯಲ್ಲಿ ಅವನು ಯಾವಾಗಲೂ ಹಳೆಯ ಕಾಲದ ಮಂತ್ರಿಯೇ. 'ಮಾನ್ಯ ಮಹಿಳೆಯೇ, ಸುಸ್ವಾಗತ' ಎಂದ ಕೈ ಜೋಡಿಸಿ. 'ಈ ಮುದುಕ ಕೇವಲ ಸಂದಿಗೆ ನಾರು ತುಂಬುವ ಆಳು. ನೌಕೆ ಈ ಮಹನೀಯರದು.'

ಅವಮಾನವನ್ನು ಎದುರಿಸಲು ಸಿದ್ಧನಾಗಿದ್ದವನಿಗೆ ಇದು ಬಂದಾಗ ಏನು ಮಾಡಬೇಕೆಂದು ತಿಳಿಯಲಿಲ್ಲ. ಒಂದು ಕ್ಷಣ ಮಾವ ತನ್ನನ್ನು ಕಾಪಾಡುತ್ತಿದ್ದಾನೆ ಎಂದೇ ನಂಬಿದ, ಕಣ್ಣು ತುಂಬಿ ಬಂತು. ಆಮೇಲೆ ಮುದುಕನ ಕೆಳತುಟಿ ನಡುಗುತ್ತಿರುವುದನ್ನು ಕಂಡ. ಅದು ಸಿಟ್ಟಲ್ಲ. ಹೋದ ವರ್ಷ ಪಕ್ಕದ ಮನೆಯವನು ತನ್ನದೇ ಹಂದಿಯನ್ನು ಹಿಡಿಯಲು ಹೋಗಿ ಕೆಸುವಿನ ಗದ್ದೆಯಲ್ಲಿ ಬಿದ್ದಾಗಲೂ ಆ ತುಟಿ ಹೀಗೇ ನಡುಗಿತ್ತು.

'ಎಂಥ ನೌಕೆ!' ಎಂದ ಮಾವ ಆಕಾಶಕ್ಕೆ ಕೈ ಎತ್ತಿ. 'ಎಪ್ಪತ್ತಾರು ವಸಂತಗಳಲ್ಲಿ ಈ ಕಣ್ಣುಗಳು ಇಂಥದ್ದನ್ನು ಕಂಡಿಲ್ಲ. ಇವರ ತೋಳು ನೋಡಿ, ಕಬ್ಬಿಣ. ಇದರ ಮರವನ್ನು ಬೆಟ್ಟದಿಂದ ಒಬ್ಬರೇ ಹೊತ್ತು ತಂದರು.'

ಎಲ್ಲರೂ ಒಮಿಮಾಳ ಅಪ್ಪನ ತೋಳು ನೋಡಿದರು. ಅವನು ಅದನ್ನು ಬೆನ್ನ ಹಿಂದೆ ಇಟ್ಟುಕೊಂಡ. 'ಈಗ ನೋಡು' ಎಂದು ಗುವೊ ಮೇಷ್ಟ್ರು ಹೆಂಡತಿಗೆ ಪಿಸುಗುಟ್ಟಿದರು, 'ಈಗ ಇವರು ತಮ್ಮ ದೋಣಿಯನ್ನ ತಾವೇ ಹಳೀಬೇಕು. ಪುಸ್ತಕದಲ್ಲಿದೆ.' ಶೆನ್ ಮೇಡಂ ರೆಕಾರ್ಡರು ಒತ್ತಿ ಮುಂದೆ ಹಿಡಿದಳು. ಅತ್ತ ದರಿ, ಇತ್ತ ಪುಲಿ. ಮಾವ ಹೊಗಳಿದ್ದಾನೆ, ಒಡೆಯನಾದವನು ಸುಮ್ಮನಿದ್ದರೆ ಹೊಗಳಿಕೆಯನ್ನು ನುಂಗಿದ ಹಾಗೆ, ಅದಕ್ಕಿಂತ ನಾಚಿಕೆಗೇಡು ಬೇರೆಯಿಲ್ಲ. ಹಳಿದರೆ, ಆ ದೋಣಿ ಮಾಡಿದವನ ಎದುರಿಗೇ, ಅವನ ಮಗಳ ಅನ್ನ ತಿಂದುಕೊಂಡು, ಅವನ ದೋಣಿಯನ್ನು ಹಳಿದ ಹಾಗೆ.

'ಏನಿಲ್ಲ, ಸಾಮಾನ್ಯ ದೋಣಿ' ಎಂದ ಅವನು ಕ್ಷೀಣವಾಗಿ.

'ಇಷ್ಟೇನಾ?' ಮಾವ ಊರ ಭಾಷೆಯಲ್ಲಿ, ನಗುಮುಖದಿಂದ, ಹಲ್ಲಿನ ಸಂದಿಯಿಂದ ಹೇಳಿದ. 'ಇಷ್ಟಕ್ಕೇ ಸುಸ್ತಾ? ದೋಣಿ ನಿಂದಂತಲ್ಲ, ಸರಿಯಾಗಿ ಹಳಿ. ಪ್ರೇತಗಳು ಕಿವಿ ಕೊಟ್ಟು ಕೂತಿವೆ.' ಮತ್ತೆ ಮಂತ್ರಿಯಾಗಿ: 'ಇದರ ಮೂತಿಯ ಬಾಗು ನೋಡಿ, ಮಹಿಳೆಯೇ! ಅಲೆಗಳು ಇದನ್ನು ಕಂಡರೆ ತಾವಾಗಿ ದಾರಿ ಬಿಡುತ್ತವೆ.'

'ಮೂತಿ ಸೊಟ್ಟ ಇದೆ' ಎಂದ ಒಮಿಮಾಳ ಅಪ್ಪ.

'ಕೆತ್ತನೆಯೋ! ದೇವಲೋಕದವರು ಬಂದು ಕೆತ್ತಿದ ಹಾಗೆ!'

'ಕೋಳಿ ಕೆದಕಿದ ಹಾಗಿದೆ.'

'ಇದರಲ್ಲಿ ಕೂತು ಹೊರಟರೆ ಹಾರುವ ಮೀನುಗಳು ತಾವಾಗಿ ಬಂದು ಮಡಿಲಿಗೆ ಬೀಳುತ್ತವೆ!'

'ಮೀನು ನಗ್ತವೆ. ಹಂದಿಗೆ ಗೆಣಸು ಹಾಕೋ ತೊಟ್ಟಿ ಇದು.'

ಹೀಗೆ ಎಷ್ಟು ಹೊತ್ತು ನಡೆಯಿತೋ. ಮೇಷ್ಟ್ರ ಹೆಂಡತಿ ಚಪ್ಪಾಳೆ ತಟ್ಟುತ್ತಿದ್ದಳು. ಪಕ್ಕದ ದೋಣಿಗಳ ನೆರಳಲ್ಲಿ ಮಲಗಿದ್ದ ಇಬ್ಬರು ಮುದುಕರು ಎದ್ದು ಕೂತು, ಅಡಿಕೆ ಹಂಚಿಕೊಂಡು, ಆಟ ನೋಡುತ್ತಿದ್ದರು. ಒಮಿಮಾಳ ಅಪ್ಪನಿಗೆ ಒಂದು ವಿಚಿತ್ರ ಅನುಭವವಾಗತೊಡಗಿತು: ಬಾಯಿಗೆ ರುಚಿ ಹತ್ತುತ್ತಿತ್ತು. ಗಂಟಲು ಒಡೆಯುತ್ತಿರಲಿಲ್ಲ. ಒಂದೊಂದು ಬೈಗುಳವೂ ಹಿಂದಿನದಕ್ಕಿಂತ ದುಂಡಗೆ, ಹದವಾಗಿ ಬರುತ್ತಿತ್ತು. ಇದು ನಿಜಕ್ಕೂ ತನ್ನ ದೋಣಿಯೇ, ತಾನೇ ಮಾಡಿದ್ದು, ಅದಕ್ಕೇ ಇಷ್ಟು ಸಲೀಸಾಗಿ ಹಳಿಯಲು ಬರುತ್ತಿದೆ ಎನಿಸಿತು. ಮಾವನೂ ಬೆವರಿದ್ದ, ಅವನಿಗೂ ಹುರುಪು ಏರಿತ್ತು. 'ಬಿಟ್ಟ ಬಾಣದ ಹಾಗೆ ನೆಟ್ಟಗೆ ಹೋಗುತ್ತದೆ!' ಎಂದು ಕೂಗಿದ ಮಾವ. ಒಮಿಮಾಳ ಅಪ್ಪನ ಬಳಿ ಅಷ್ಟು ಹೊತ್ತಿಗೆ ಹಳೆಯ ಬೈಗುಳಗಳೆಲ್ಲ ಮುಗಿದಿದ್ದವು. ಹೊಸದು ಹುಡುಕಲು ಬಿಡುವಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದ.

'ಎಲ್ಲಿ ನೆಟ್ಟಗೆ? ಎಡಕ್ಕೆ ಎಳೆಯುತ್ತೆ. ಎಡಗಡೆಯ ಮೂರನೇ ಹಲಗೆ ಬೇರೆ ಮರದ್ದು, ಮೆದು. ಅದು ನೀರು ಕುಡಿದು ಭಾರ ಆಗುತ್ತೆ. ಹೋಗ್ತಾ ಪರವಾಗಿಲ್ಲ, ಬರ್ತಾ ಎಳೆಯುತ್ತೆ.'

ಮೇಷ್ಟ್ರ ಹೆಂಡತಿ ನಕ್ಕಳು. ಈಗ ಮಾವ ಹೊಗಳಬೇಕಿತ್ತು. ಎಲ್ಲರೂ ಮಾವನ ಕಡೆ ತಿರುಗಿದರು. ಮಾವ ಬಾಯಿ ತೆರೆದ, ಏನೂ ಬರಲಿಲ್ಲ. ಅವನ ಕಣ್ಣು ದೋಣಿಯ ಎಡಮಗ್ಗುಲಿಗೆ ಹೋಗಿ, ಮೂರನೇ ಹಲಗೆಯ ಮೇಲೆ ನಿಂತು, ತಟ್ಟನೆ ಬೇರೆ ಕಡೆಗೆ ಹೋಯಿತು. ನೆರಳಲ್ಲಿ ಕೂತಿದ್ದ ಇಬ್ಬರು ಮುದುಕರು ಒಮ್ಮೆಲೇ ಸಮುದ್ರ ನೋಡತೊಡಗಿದರು. ಸಂತೆಯಲ್ಲಿ ಯಾರದೋ ಪಂಚೆ ಬಿಚ್ಚಿಹೋದಾಗ ಉಳಿದವರು ಹಾಗೆ ಆಕಾಶ ನೋಡುತ್ತಾರೆ. ಆಗ ಒಮಿಮಾಳ ಅಪ್ಪನಿಗೆ ತಾನು ಮಾಡಿದ್ದೇನೆಂದು ತಿಳಿಯಿತು. ಸೊಟ್ಟ ಮೂತಿ, ಕೋಳಿ, ಹಂದಿ ತೊಟ್ಟಿ, ಎಲ್ಲವೂ ಸುಳ್ಳು, ಆದ್ದರಿಂದ ಎಲ್ಲವೂ ಮರ್ಯಾದೆ. ಇದು ನಿಜ. ನಿಜವನ್ನು ಆ ದಡದ ಮೇಲೆ ಯಾರೂ ಯಾರಿಗೂ ಹೇಳುವುದಿಲ್ಲ. ದೋಣಿ ಕದ್ದದ್ದು ಇದರ ಮುಂದೆ ಏನೇನೂ ಅಲ್ಲ ಎನಿಸಿತು. ಅವನು ಮೇಡಂ ಕಡೆ ತಿರುಗಿ, ಒಂದೇ ಉಸಿರಿಗೆ ಹೇಳಿದ:

'ಮೇಡಂ, ನಾನು ಸುಳ್ಳು ಹೇಳಿದೆ. ಈ ದೋಣಿ ನನ್ನದಲ್ಲ. ಇವರದು, ನಮ್ಮ ಮಾವನದು. ಇವರೇ ಮಾಡಿದ್ದು. ನಾನು ಜೀವನದಲ್ಲಿ ಒಂದು ದೋಣಿನೂ ಮಾಡಿಲ್ಲ, ಮಾಡೋಕೆ ಬರೋದೂ ಇಲ್ಲ.'

ಗುವೊ ಮೇಷ್ಟ್ರು ತೊಡೆ ತಟ್ಟಿದರು. 'ಆಹಾ! ಇದು ಪುಸ್ತಕದಲ್ಲೂ ಇಲ್ಲ! ಹಳೀತಾ ಹಳೀತಾ ಕೊನೆಗೆ ನನ್ನದೇ ಅಲ್ಲ ಅಂದುಬಿಟ್ರಲ್ಲ. ವಿನಯ ಅಂದ್ರೆ ಇದು!' ಶೆನ್ ಮೇಡಂ ಭಾವುಕಳಾಗಿದ್ದಳು, ಬೇಗ ಬೇಗ ಬರೆದುಕೊಳ್ಳುತ್ತಿದ್ದಳು.

'ಅಯ್ಯೋ, ನಿಜವಾಗಿ ಹೇಳ್ತಿದೀನಿ ಸಾರ್.'

'ಗೊತ್ತು, ಗೊತ್ತು' ಎಂದರು ಮೇಷ್ಟ್ರು ಅವನ ಬೆನ್ನು ಸವರಿ. 'ನೀವು ಹಾಗೇ ಅನ್ನಬೇಕು.'

'ಮಾವ, ನೀವಾದರೂ ಹೇಳಿ!'

ಮೇಡಂ ಮುದುಕನ ಕಡೆ ರೆಕಾರ್ಡರು ಹಿಡಿದಳು. 'ಹೌದಾ ಅಜ್ಜ? ದೋಣಿ ನಿಮ್ಮದಾ?' ಮಾವ ಅಳಿಯನನ್ನು ನೋಡಿದ, ರೆಕಾರ್ಡರನ್ನು ನೋಡಿದ, ನೆರಳಲ್ಲಿದ್ದ ಇಬ್ಬರು ಗೆಳೆಯರನ್ನು ನೋಡಿದ. ಅವರು ಈಗ ಸಮುದ್ರ ಬಿಟ್ಟು ಮತ್ತೆ ಇವನನ್ನೇ ನೋಡುತ್ತಿದ್ದರು. ಅರ್ಧ ಗಂಟೆ ಬಾಯಿತುಂಬ ಹೊಗಳಿದ್ದಾನೆ: ದೇವಲೋಕದ ಕೆತ್ತನೆ, ದಾರಿ ಬಿಡುವ ಅಲೆ, ಮಡಿಲಿಗೆ ಬೀಳುವ ಮೀನು. ಈಗ ನನ್ನದು ಎಂದರೆ ಅಷ್ಟನ್ನೂ ತನ್ನ ಬಗ್ಗೆ ತಾನೇ ಕೊಚ್ಚಿಕೊಂಡ ಹಾಗೆ. ಅಳಿಯನಿಗೆ ತೋಡಿದ ಹಳ್ಳದಲ್ಲಿ ಮುದುಕ ತಾನೂ ಕುತ್ತಿಗೆಯವರೆಗೆ ಇಳಿದಿದ್ದ. 'ಛೆ ಛೆ' ಎಂದ ಸಣ್ಣ ದನಿಯಲ್ಲಿ, ಮಂತ್ರಿಪದವಿ ಮರೆತು. 'ನನಗೆಲ್ಲಿ ಬರ್ಬೇಕು ಅಂಥ ಕೈ.'

'ಹಾಗಾದರೆ ಫೋಟೋ ತೆಗೆಯೋಣ' ಎಂದಳು ಮೇಡಂ. ಒಮಿಮಾಳ ಅಪ್ಪನನ್ನು ದೋಣಿಯ ಮೂತಿಯ ಹತ್ತಿರ ನಿಲ್ಲಿಸಿದಳು. ಎದೆ ಮುಂದೆ ಮಾಡಿ, ಕೈ ದೋಣಿಯ ಮೇಲಿಡಿ, ದೂರ ನೋಡಿ. ಅವನು ದೂರ ನೋಡಿದ. 'ಅಜ್ಜಾ, ಒಂದು ಸ್ವಲ್ಪ ಪಕ್ಕಕ್ಕೆ ಹೋಗ್ತೀರಾ? ನಿಮ್ಮ ನೆರಳು ಬೀಳ್ತಿದೆ.' ಮಾವ ಟೋಪಿ ಸರಿಮಾಡಿಕೊಂಡು ಎರಡು ಹೆಜ್ಜೆ ಪಕ್ಕಕ್ಕೆ ಹೋದ. 'ಇನ್ನೂ ಸ್ವಲ್ಪ.' ಹೋದ. ಅವನ ಹಲ್ಲು ಬೆಳ್ಳಗೆ ಉಜ್ಜಿದ್ದು ಬಿಸಿಲಿಗೆ ಕಾಣುತ್ತಿತ್ತು. 'ಅವರೂ ಇರಲಿ ಮೇಡಂ, ದಯವಿಟ್ಟು' ಎಂದ ಅಳಿಯ, ತುಟಿ ಅಲ್ಲಾಡಿಸದೆ. 'ಕೊನೆಗೆ ಒಂದು ಎಲ್ಲರೂ ಸೇರಿ ತೆಗೆಯೋಣ' ಎಂದಳು ಅವಳು. ಆದರೆ ಹನ್ನೆರಡೂವರೆಯ ಹಡಗಿಗೆ ಹೊತ್ತಾಗಿತ್ತು. ಬಂದರಿಗೆ ಕರೆದೊಯ್ಯಲು ಹೆಂಡತಿ ವ್ಯಾನು ತಂದು ರಸ್ತೆಯ ಮೇಲಿಂದ ಹಾರ್ನ್ ಒತ್ತಿದಳು. ಮೂವರೂ ಕೈ ಬೀಸುತ್ತ ಓಡಿದರು. ಎಲ್ಲರೂ ಸೇರಿದ ಫೋಟೋ ಅಲ್ಲಿಗೇ ಉಳಿಯಿತು.

ನೆರಳಲ್ಲಿದ್ದ ಮುದುಕರೂ ಎದ್ದು ಊಟಕ್ಕೆ ಹೋದರು. ಹೋಗುವಾಗ ಒಬ್ಬ, 'ಒಳ್ಳೇ ದೋಣಿ ಮಾಡಿದೀಯ ಒಮಿಮಾಳಪ್ಪ' ಎಂದ. ಇನ್ನೊಬ್ಬ ಕೆಮ್ಮಿದ. ಮಾವ ಮತ್ತೆ ಕುಕ್ಕರಗಾಲಲ್ಲಿ ಕೂತು ಉಳಿ ಹಿಡಿದುಕೊಂಡಿದ್ದ. ಅಳಿಯ ಹೋಗಲೂ ಆರದೆ ನಿಲ್ಲಲೂ ಆರದೆ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತ ನಿಂತ. ಬಿಸಿಲಿಗೆ ಬೆಣಚುಕಲ್ಲುಗಳು ಕಾದು ಚಪ್ಪಲಿಯ ಮೂಲಕ ಅಂಗಾಲು ಸುಡುತ್ತಿತ್ತು. ನಾರು ಒತ್ತುತ್ತಲೇ ಮಾವ ಕೇಳಿದ:

'ಯಾರು ಹೇಳಿದ್ದು ನಿಂಗೆ?'

'ಯಾವುದು ಮಾವ?'

'ಮೂರನೇ ಹಲಗೆ.'

'ಯಾರೂ ಹೇಳಿಲ್ಲ. ನೋಡಿದೀನಿ.'

'ಏನು ನೋಡಿದೀಯ? ದೋಣೀಲಿ ಕೂತಿದೀಯಾ ಒಂದು ದಿನ ಆದ್ರೂ?'

'ಇಲ್ಲ. ನಾನು ದಿನಾ ಇಲ್ಲೇ ರಸ್ತೆ ಕಟ್ಟೆ ಮೇಲೆ ಕೂತಿರ್ತೀನಲ್ಲ, ಹಡಗಿನವರಿಗೆ ಕಾಯ್ತಾ. ಆಗ ನೀವು ವಾಪಸು ಬರ್ತೀರಿ. ಆ ಕರಿಬಂಡೆಗೆ ನೇರ ಹೊರಟ್ರೂ ಮೇಕೆ ದೊಡ್ಡಿ ಹತ್ರ ಬಂದು ಮುಟ್ತೀರಿ. ಮಳೆ ಬಂದ ಮಾರನೇ ದಿನ ಜಾಸ್ತಿ. ಹುಟ್ಟು ಹಾಕೋವಾಗ ಒಂದು ಕೈಗೆ ಯಾವಾಗ್ಲೂ ಹೆಚ್ಚು ಬಲ ಹಾಕ್ತೀರಿ, ಅದಕ್ಕೇ ರಾತ್ರಿ ಭುಜಕ್ಕೆ ಎಣ್ಣೆ ತಿಕ್ಕಿಸ್ಕೋತೀರಿ.' ಹೇಳುತ್ತ ಹೇಳುತ್ತ ತಾನು ಇಷ್ಟೆಲ್ಲ ನೋಡಿದ್ದೇನೆ ಎಂದು ಅವನಿಗೇ ಆಶ್ಚರ್ಯವಾಯಿತು. 'ಒಂದಿನ ನೀವು ಮಲಗಿದ್ದಾಗ ಬಂದು ಹಲಗೆಗಳನ್ನ ಬೆರಳಲ್ಲಿ ತಟ್ಟಿ ನೋಡಿದೆ. ಮೂರನೇದರ ಸದ್ದು ಬೇರೆ.'

'ಎಷ್ಟು ವರ್ಷ ಆಯ್ತು?'

'ಒಮಿಮಾ ನಡೆಯೋಕೆ ಕಲಿತಿದ್ಲು ಆಗ.'

ಮಾವ ಉಳಿಯನ್ನು ಕೆಳಗಿಟ್ಟ. 'ಆ ವರ್ಷ ಮಂಡಿ ಹಿಡ್ಕೊಂಡಿತ್ತು. ಮೇಲಿನ ಬೆಟ್ಟಕ್ಕೆ ಹತ್ತೋಕೆ ಆಗಲಿಲ್ಲ. ಕೆಳಗೆ ತೊರೆ ಹತ್ರ ಬಿದ್ದಿದ್ದ ಮರದಲ್ಲಿ ಒಂದು ಹಲಗೆ ತೆಗೆದೆ. ಒಂದೇ ಒಂದು. ಬಣ್ಣ ಬಳಿದೆ, ಕಾಣಲ್ಲ ಅಂತ.' ಅವನು ಬೆರಳ ತುದಿಯಿಂದ ಆ ಹಲಗೆಯನ್ನು ಮುಟ್ಟಿದ. 'ಆರು ಊರಿನವರು ಬಂದ್ರು. ಇಡೀ ದಿನ ಹಾಡಿದ್ರು. ಎಂಟು ಹಂದಿ ತಿಂದ್ರು. ಒಬ್ಬನಿಗಾದ್ರೂ ಗೊತ್ತಾಗಿರಲ್ವಾ? ಆಗಿರುತ್ತೆ. ಒಬ್ಬನೂ ಬಾಯಿ ಬಿಡಲಿಲ್ಲ. ಹನ್ನೊಂದು ವರ್ಷ ನಾನೊಬ್ಬನೇ ಇದರ ಜೊತೆ ಎಡಕ್ಕೆ ಹೋಗಿ ಬಂದೆ.'

'ತಪ್ಪಾಯ್ತು ಮಾವ.'

'ಯಾವುದು? ಕದ್ದಿದ್ದಾ, ಬೈದಿದ್ದಾ?'

ಒಮಿಮಾಳ ಅಪ್ಪ ಯೋಚಿಸಿದ. 'ಕದ್ದಿದ್ದು.'

'ಬೈದಿದ್ದಲ್ಲ?'

'ಅಲ್ಲ' ಎಂದ. ಹೇಳಿದ ಮೇಲೆ ಹೆದರಿದ. ಆದರೆ ಹೆದರಿಕೆಯ ಕೆಳಗೆ ಒಂದು ಸಂತೋಷವಿತ್ತು, ಅದನ್ನು ಮುಚ್ಚಿಡಲು ಅವನಿಂದಾಗಲಿಲ್ಲ. ದೋಣಿ ಮಾಡಲು ಬಾರದವನಿಗೂ ಒಂದು ದೋಣಿಯನ್ನು ಇಷ್ಟು ವರ್ಷ ನೋಡುತ್ತ ಕೂರಲು ಬಂದಿತ್ತಲ್ಲ.

'ಕದ್ದಿದ್ದು ಊರಿಗೆಲ್ಲ ಗೊತ್ತು ಬಿಡು, ಮೊದಲನೇ ವರ್ಷದಿಂದ' ಎಂದ ಮಾವ. 'ನಿನ್ನ ಹೆಂಡತಿಗೂ ಗೊತ್ತು. ಪಾಪ, ಅವನ ಹೊಟ್ಟೆಪಾಡು ಅಂತ ಸುಮ್ಮನಿದ್ವಿ. ಆಮೇಲೆ ಈ ಪತ್ರಿಕೆ. ಅದರಲ್ಲಿ ಬರಲಿ, ಚಿಂತೆ ಇಲ್ಲ. ಬೈಗುಳ ಎಲ್ಲ ನಿನ್ನ ದೋಣಿ ಹೆಸರಿಗೇ ತಾನೆ ಬರೋದು?' ಅವನ ಕೆಳತುಟಿ ನಡುಗಿತು. 'ಕೋಳಿ ಕೆದಕಿದ ಹಾಗಂತೆ! ಎಲ್ಲಿಂದ ಬಂತೋ ಆ ಬಾಯಿ ನಿಂಗೆ. ಹಾಡೋಕೆ ನಿಂತಾಗ ಬೆಕ್ಕಿನ ಹಾಗೆ ಕೂಗಿದ್ದೆ.'

ಇಬ್ಬರೂ ನಕ್ಕರು. ನಕ್ಕು ಮುಗಿದ ಮೇಲೆ ಮಾವ ಎದ್ದು ನಿಂತ. ರಸ್ತೆಯ ಕಡೆ ನೋಡಿದ, ಯಾರೂ ಇರಲಿಲ್ಲ. ಸಮುದ್ರದ ಕಡೆ ನೋಡಿದ. ಬೆಟ್ಟದ ಕಡೆಗೆ, ಸತ್ತವರಿರುವ ಕಾಡಿನ ಕಡೆಗೆ, ಸ್ವಲ್ಪ ಹೆಚ್ಚು ಹೊತ್ತು ನೋಡಿದ. ಆಮೇಲೆ ಟೋಪಿ ತೆಗೆದು, ಅಳಿಯನ ಕಿವಿಯ ಹತ್ತಿರಕ್ಕೆ ಬಗ್ಗಿ, ಕಳ್ಳನ ಹಾಗೆ ಪಿಸುಗುಟ್ಟಿದ:

'ಇದು ನಾನು ಮಾಡಿದ ದೋಣಿ. ಒಳ್ಳೇ ದೋಣಿ.'

ಒಮಿಮಾಳ ಅಪ್ಪ ಹುಟ್ಟಿದಾಗಿನಿಂದ ಆ ದ್ವೀಪದಲ್ಲಿ ಒಬ್ಬ ಗಂಡಸಿನ ಬಾಯಿಂದ ಇಂಥ ಮಾತು ಕೇಳಿರಲಿಲ್ಲ. ಮಾವನ ಮುಖ ಬಿಳಿಚಿಕೊಂಡಿತ್ತು, ಮರ ಹತ್ತಿ ಇಳಿಯಲು ಬಾರದ ಹುಡುಗನ ಹಾಗೆ ಅವನು ಅಳಿಯನನ್ನೇ ನೋಡುತ್ತಿದ್ದ. ಒಡೆಯನೇ ಹೊಗಳಿಬಿಟ್ಟರೆ ಎದುರಿಗಿದ್ದವನು ಏನು ಹೇಳಬೇಕೆಂದು ಯಾವ ಕ್ರಮದಲ್ಲೂ ಇರಲಿಲ್ಲ.

'ಎಡಕ್ಕೆ ಎಳೆಯುತ್ತೆ, ಮಾವ' ಎಂದ ಅವನು.

'ಎಳೆಯುತ್ತೆ' ಎಂದ ಮುದುಕ, ಹಿಗ್ಗಿ.